ಮೂಗಬಾವಿ

ನಮ್ಮೂರಿನಲ್ಲಿ ಬಾವಿಕಟ್ಟೆಯ ಹತ್ತಿರ ಯಾರೂ ಜಗಳವಾಡುವುದಿಲ್ಲ. ದೊಡ್ಡ ಸಂಸ್ಕಾರವಂತರು ಅಂತಲ್ಲ, ಹೆದರಿಕೆ. ಬಾವಿಗೆ ಬಗ್ಗಿ ಆಡಿದ ಮಾತು ನೆಲದೊಳಗಿನ ನೀರಿನ ಜೊತೆ ಇಳಿಜಾರಿನಲ್ಲಿ ಸರಿಯುತ್ತ ಹೋಗಿ, ಎಷ್ಟೋ ವರ್ಷದ ಮೇಲೆ ಕೆಳಗಿನ ಬಾವಿಗಳಿಗೆ ಬರುತ್ತದೆ. ಬಂದು, ಆಡಿದವರದೇ ದನಿಯಲ್ಲಿ, ಬಾವಿಗೊಂದೇ ಸಲ ಕೇಳಿಸಿ ಮುಗಿಯುತ್ತದೆ. ಮೇಲಿನ ಕೇರಿಯಿಂದ ನಮ್ಮ ಕೆಳಗಿನ ಕೇರಿಗೆ ಬರಲು ಎಂಟು ವರ್ಷ. ನನ್ನ ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಕಾಳಮ್ಮ, ಅಂದರೆ ನನ್ನ ಹೆಂಡತಿ, ಸಾರಿಗೆ ನೀರು ಬಗ್ಗಿಸುತ್ತಿದ್ದಾಗ ಬಿಂದಿಗೆಯ ಬಾಯಿಂದ ಯಾರೋ ಹೆಂಗಸು "ಅಯ್ಯೋ, ನನ್ ಓಲೆ ಬಿತ್ತಲ್ಲೇ" ಎಂದು ಕೂಗಿಕೊಂಡಳು. ಕೂಗಿದವಳು ಸತ್ತು ಆಗಲೇ ಆರು ವರ್ಷವಾಗಿತ್ತು. ಕಾಳಮ್ಮ ಒಂದು ಗಳಿಗೆ ಕೈ ತಡೆದು, "ಪಾಪ, ಸಿಕ್ತೋ ಇಲ್ವೋ" ಅಂದು ಬೇಳೆ ಹಾಕಿದಳು. ಅವಳು ಬೇರೆ ಊರಿನ ಹುಡುಗಿ. ಇಷ್ಟು ಬೇಗ ಒಗ್ಗಿಹೋದಳಲ್ಲ ಎಂದು ನನಗೆ ಸಮಾಧಾನವಾಯಿತು.

ಮೇಲಿನ ಕೇರಿಯಲ್ಲಿ ಮಗು ಹುಟ್ಟಿದರೆ ಅದರ ಹೆಸರನ್ನು ಬಾವಿಗೆ ಹೇಳುತ್ತಾರೆ. ಆ ಮಗು ಮೂರನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಹೆಸರು ನಮಗೆ ಬಂದು ತಲುಪುತ್ತದೆ, ನಾವು ಒಂದು ಪೊಟ್ಟಣ ಸಕ್ಕರೆ ಕಳಿಸುತ್ತೇವೆ. ಮಧ್ಯಾಹ್ನ ಊಟವಾದ ಮೇಲೆ ಕೆಳಗಿನ ಕೇರಿಯ ಹೆಂಗಸರು ಕೊಡಗಳ ಮುಚ್ಚಳ ತೆಗೆದಿಟ್ಟು ಪಕ್ಕದಲ್ಲೇ ಒರಗಿಕೊಳ್ಳುತ್ತಾರೆ. ಅರ್ಧ ನಿದ್ದೆ, ಅರ್ಧ ಎಚ್ಚರ. ಯಾವುದೋ ಕಾಲದ ಲಾಲಿಯ ಒಂದು ಸಾಲು, ಯಾರದೋ ಆಕಳಿಕೆ, ದನ ಅಟ್ಟುವವರ ಕೂಗು ಮನೆಯಿಂದ ಮನೆಗೆ ಹಾದುಹೋಗುತ್ತದೆ. ನಮ್ಮಪ್ಪ ತೀರಿಕೊಂಡ ಮೂರನೇ ವರ್ಷ ಅವನ ಸೀನು ಬಂತು, ಬಚ್ಚಲಿನ ಹಂಡೆಯಲ್ಲಿ. ಅಷ್ಟು ಜೋರಾಗಿ ಸೀನುವವನು ಊರಿನಲ್ಲಿ ಇನ್ನೊಬ್ಬ ಇರಲಿಲ್ಲ. ನಾನು ಒದ್ದೆ ಮೈಯಲ್ಲೇ ಕೂತು ನಕ್ಕೆ, ಆಮೇಲೆ ಅತ್ತೆ.

ನನ್ನ ಹೆಸರು ವೀರಾಚಾರಿ. ಕಸುಬು ಗಿಲೀಟು. ಸೈಕಲ್ ಹ್ಯಾಂಡಲ್ಲು, ನಲ್ಲಿ, ತೊಟ್ಟಿಲ ಸರಪಳಿ, ಏನು ತಂದುಕೊಟ್ಟರೂ ಕ್ರೋಮಿನ ಹೊಳಪು ಹತ್ತಿಸಿ, ಅದರಲ್ಲಿ ನಿಮ್ಮ ಮುಖ ನಿಮಗೇ ಕಾಣುವ ಹಾಗೆ ಮಾಡಿಕೊಡುತ್ತಿದ್ದೆ. ಕೆಲಸ ಕಲಿತು ಬಂದು ಎರಡು ಕೇರಿಗಳ ನಡುವೆ ಶೆಡ್ಡು ಹಾಕಿದೆ. ಹೊಳಪು ಬರುವುದು ಹಳದಿ ನೀರಿನ ತೊಟ್ಟಿಯಲ್ಲಿ ಅದ್ದಿದಾಗ. ಆ ನೀರು ಹಳಸಿದ ಮೇಲೆ ಎಲ್ಲಾದರೂ ಚೆಲ್ಲಲೇಬೇಕು. ಶೆಡ್ಡಿನ ಹಿಂದೆ ಒಂದು ಪಾಳುಬಾವಿ ಇತ್ತು. ಅದಕ್ಕೆ ಆಡಿದ ಮಾತು ಎಲ್ಲಿಯೂ ಬಂದದ್ದನ್ನು ಕೇಳಿದವರಿರಲಿಲ್ಲ, ಹಾಗಾಗಿ ಅದಕ್ಕೆ ಮೂಗಬಾವಿ ಅಂತಲೇ ಹೆಸರು.

ಕೊಳಕು ಸುರಿಯುವ ಗುಂಡಿಗೆ ಮೊದಲು ಮಾತು ಬಿಟ್ಟು ನೋಡಬೇಕು ಅನ್ನುವುದು ನಮ್ಮೂರ ಹಳೆಯ ಕಟ್ಟಳೆ. ಯಾರೂ ಯಾವತ್ತೂ ಆಡದಂಥ ಒಂದು ಮಾತನ್ನು ಅದರೊಳಗೆ ಆಡಿ, ಮೂರು ವರ್ಷ ಊರೆಲ್ಲ ಕಿವಿ ತೆರೆದು ಕಾಯಬೇಕು. ಎಲ್ಲಿಯೂ ಬರದಿದ್ದರೆ ಆ ಗುಂಡಿಗೂ ನಮ್ಮ ನೀರಿಗೂ ಸಂಬಂಧವಿಲ್ಲ ಎಂದು ಲೆಕ್ಕ. ಹಿರಿಯರ ಎದುರು ನಾನೇ ಮೂಗಬಾವಿಗೆ ಬಗ್ಗಿ, "ಮೂರು ಹಿಡಿ ಅವರೆಕಾಳು, ಒಂದು ಮುರಿದ ಕೊಡೆ" ಎಂದು ಕೂಗಿದೆ. ಎಲ್ಲರೂ ನಕ್ಕರು.

ಗಡುವಿಗೆ ಇನ್ನು ಹನ್ನೊಂದು ದಿನ ಇತ್ತು. ಹಿತ್ತಲಿನಲ್ಲಿ ಬಾವಿಯಿಂದ ಬಕೆಟ್ಟು ಸೇದಿ ಕಟ್ಟೆಯ ಮೇಲಿಟ್ಟೆ. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ಆಡುತ್ತಿತ್ತು. ನೀರು ನನ್ನದೇ ದನಿಯಲ್ಲಿ, ನಗು ತಡೆದುಕೊಂಡ ದನಿಯಲ್ಲಿ, "ಮೂರು ಹಿಡಿ ಅವರೆಕಾಳು, ಒಂದು ಮುರಿದ ಕೊಡೆ" ಎಂದಿತು. ನಾನು ಬಕೆಟ್ಟು ಬೋರಲು ಹಾಕಿಬಿಟ್ಟೆ. ನೆಲ ಕುಡಿಯಿತು. ಹನ್ನೊಂದು ದಿನ ಕಳೆದು ಊರಿನವರು ಸೇರಿದಾಗ ಯಜಮಾನರು ಮನೆಮನೆಗೂ ಕೇಳಿದರು. ಯಾರ ಮನೆಗೂ ಬಂದಿಲ್ಲ. ನನ್ನ ಸರದಿ ಬಂದಾಗ ನಾನೂ ಕೈಮುಗಿದು, "ಇಲ್ಲ, ಬಂದಿಲ್ಲ" ಅಂದೆ. ಶೆಡ್ಡಿನಲ್ಲಿ ಕೆಲಸಕ್ಕೆ ಸೇರಲು ಕೆಳಗಿನ ಕೇರಿಯ ಹದಿನಾಲ್ಕು ಜನ ಕಾದು ನಿಂತಿದ್ದರು. ಮಾರನೆಯ ದಿನವೇ ತೊಟ್ಟಿ ತುಂಬಿಸಿದೆವು, ಹಳಸಿದ ನೀರನ್ನು ಮೂಗಬಾವಿಗೆ ಬಿಡತೊಡಗಿದೆವು.

ಮಾತು ಮೂರು ವರ್ಷಕ್ಕೆ ಬಂದಿದೆ ಎಂದರೆ ಹಳದಿ ನೀರೂ ಮೂರು ವರ್ಷಕ್ಕೆ ಬರಬೇಕಲ್ಲ. ನಾನು ದಿನ ಎಣಿಸಿದೆ. ಮೂರು ವರ್ಷವಾಯಿತು, ಐದಾಯಿತು, ಹತ್ತಾಯಿತು. ಬಾವಿ ನೀರು ಕನ್ನಡಿಯ ಹಾಗೆಯೇ ಇತ್ತು. ಕೇಳಿಸಿದ್ದು ನನ್ನ ಭ್ರಮೆ ಇರಬೇಕು ಎಂದುಕೊಂಡೆ. ಮನುಷ್ಯನಿಗೆ ತನ್ನ ಕಿವಿಯನ್ನೇ ಸುಳ್ಳು ಮಾಡುವುದು ಎಷ್ಟು ಸಲೀಸು ಅಂತ ಆಗ ಗೊತ್ತಾಯಿತು.

ಹತ್ತೊಂಬತ್ತನೇ ವರ್ಷ ಮೊದಲು ಕೆಟ್ಟದ್ದು ಮಾತುಗಳು. ಕೊಡದಿಂದ ಬರುವ ಲಾಲಿಗೆ ಕೆಮ್ಮು ಹತ್ತಿಕೊಂಡಿತು. ಮಕ್ಕಳ ಹೆಸರುಗಳು ಗಂಟಲು ಕಟ್ಟಿದ ಹಾಗೆ ಬಂದವು, ಯಾವ ಮಗು ಅಂತಲೇ ತಿಳಿಯದೆ ಸಕ್ಕರೆ ಅದಲುಬದಲಾಯಿತು. ಆಮೇಲೆ ಅಕ್ಕಿ ತೊಳೆದ ನೀರು ತೆಳ್ಳಗೆ ಹಳದಿಯಾಯಿತು. ಮಕ್ಕಳಿಗೆ ವಾಂತಿ ಶುರುವಾಯಿತು. ಕಾಳಮ್ಮನ ಬೆರಳುಗಳಲ್ಲಿ ಸಣ್ಣ ಹುಣ್ಣೆದ್ದು, ಒಣಗದೆ, ಒಳಕ್ಕೇ ಕೊರೆಯತೊಡಗಿತು. ಬಟ್ಟೆ ಸುತ್ತಿಕೊಂಡೇ ಪಾತ್ರೆ ತೊಳೆಯುತ್ತಿದ್ದಳು. ನಾನು ಅವಳ ಕೈ ಕಡೆ ನೋಡುವುದನ್ನು ಬಿಟ್ಟೆ.

ನೀರು ನೋಡಲು ಸುಹಾಸಿನಿ ಅನ್ನುವ ಇಂಜಿನಿಯರ್ ಬಂದರು. ಸೊರಗಿದ ಮೈಯ, ಚುರುಕು ಕಣ್ಣಿನ ಹೆಂಗಸು. ಸಣ್ಣ ಶೀಸೆಯಲ್ಲಿ ಬಾವಿ ನೀರು ಹಿಡಿದು ಒಂದು ತೊಟ್ಟು ಔಷಧಿ ಬಿಟ್ಟರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಬಣ್ಣ ಗಾಢವಾದಷ್ಟೂ ವಿಷ ಹೆಚ್ಚು. ಕೆಳಗಿನ ಕೇರಿಯ ಶೀಸೆಗಳೆಲ್ಲ ನೇರಳೆ ಹಣ್ಣಿನ ಹಾಗಾದವು. ಆಮೇಲೆ ಅವರು ಮನೆಮನೆಯ ಹೆಂಗಸರನ್ನು ಕೂರಿಸಿಕೊಂಡು, ಯಾವ ಮಾತು, ಯಾರು ಆಡಿದ್ದು, ಯಾವ ಬಾವಿಗೆ, ಎಷ್ಟು ವರ್ಷಕ್ಕೆ ಬಂತು ಎಂದು ಕೇಳಿ ಕೇಳಿ ನೆಲದೊಳಗಿನ ನೀರಿನ ದಾರಿಗಳನ್ನು ನಕ್ಷೆಯಲ್ಲಿ ಬರೆದರು. "ಬೇರೆ ಊರಲ್ಲಾದ್ರೆ ಇದಕ್ಕೆ ಹತ್ತು ಕಡೆ ಬೋರ್ ಕೊರೀಬೇಕಾಗಿತ್ತು. ಇಲ್ಲಿ ನಿಮ್ಮ ಅಡುಗೆಮನೆ ಸಾಕು" ಎಂದು ಖುಷಿಪಟ್ಟರು. ಶೆಡ್ಡಿನ ಹಿಂದಿನ ಬಾವಿಯ ಬಗ್ಗೆಯೂ ಕೇಳಿದರು. ಎಲ್ಲರೂ ಒಂದೇ ಬಾಯಲ್ಲಿ, "ಅದು ಮೂಗ, ಮಾತು ಬಿಟ್ಟು ನೋಡಿದ್ದೀವಿ" ಅಂದರು. ನಕ್ಷೆಯಲ್ಲಿ ಅದಕ್ಕೆ ಒಂದು ಗೆರೆಯೂ ಬೀಳಲಿಲ್ಲ.

ಹಾಗಾದರೆ ಹಳದಿ ಎಲ್ಲಿಂದ? ಊರು ತಲೆಯೆತ್ತಿ ಮೇಲಕ್ಕೆ ನೋಡಿತು. ನನ್ನ ಶೆಡ್ಡಿಗಿಂತ ಮೇಲೆ ಬಣ್ಣದ ಈರಮ್ಮನ ಅಂಗಳ. ಅಲ್ಲಿ ಗಳುಗಳ ಮೇಲೆ ಯಾವಾಗಲೂ ಹಳದಿ ನೂಲಿನ ಲಡಿಗಳು ಒಣಗುತ್ತಿದ್ದವು. ಅವಳು ನೂಲು ಅದ್ದುವುದು ಅರಿಶಿನದಲ್ಲಿ ಅಂತ ಎಲ್ಲರಿಗೂ ಗೊತ್ತು. ಆದರೂ ಹಳದಿ ಹಳದಿಯೇ ಅಲ್ಲವೇ ಅಂದರು. ಸುಹಾಸಿನಿ ಮೇಡಂ ಹುಬ್ಬುಗಂಟಿಕ್ಕಿ, "ಅರಿಶಿನಕ್ಕೆ ಶೀಸೆ ಈ ಬಣ್ಣ ಬರಲ್ಲ. ಬಣ್ಣ ಹಿಡಿಸೋಕೆ ಅವರು ಬೇರೆ ಏನಾದ್ರೂ ಉಪ್ಪು ಬಳಸ್ತಿರಬೇಕು" ಅಂದರು. ನಕ್ಷೆಯ ಪ್ರಕಾರ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಈರಮ್ಮನ ಅಂಗಳದ ಕೆಳಬದಿಗೆ ಬಂಡೆ ಸಿಗುವ ತನಕ ಕಂದಕ ತೋಡುವುದು, ಅದರಲ್ಲಿ ಕಬ್ಬಿಣದ ಪುಡಿ ತುಂಬುವುದು, ನೀರು ಅದನ್ನು ಹಾಯುವಾಗ ವಿಷ ಅಲ್ಲೇ ನಿಲ್ಲುವುದು ಎಂದು ಗೊತ್ತಾಯಿತು. ಸೋಮವಾರ ಅವಳ ಬಣ್ಣದ ಬಾನಿಗಳನ್ನು ಕಿತ್ತುಹಾಕಿ ಕೆಲಸ ಶುರು. ಬಾನಿ ಹೋದರೆ ಈರಮ್ಮನಿಗೆ ಅನ್ನವಿಲ್ಲ. ಕಂದಕ ಅಲ್ಲಿ ತೋಡಿದರೆ ಕೆಳಗಿನ ಕೇರಿಗೆ ನೀರೂ ಇಲ್ಲ, ಯಾಕೆಂದರೆ ವಿಷವಿದ್ದದ್ದು ಅದಕ್ಕಿಂತ ಕೆಳಗೆ, ನನ್ನ ಶೆಡ್ಡಿನ ಹಿಂದೆ. ಇದು ಗೊತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ.

ಶನಿವಾರ ಬೆಳಿಗ್ಗೆ ಅಂಗಳಕ್ಕೆ ಸುಣ್ಣದ ಗೆರೆ ಎಳೆದು ಹೋದ ಮೇಲೆ ಈರಮ್ಮ ಶೆಡ್ಡಿಗೆ ಬಂದಳು. ಅವಳ ತಾಮ್ರದ ಬಾನಿಗಳಿಗೆ ತಳ ಕಟ್ಟಿಕೊಟ್ಟವನು ನಾನೇ. ಊರಿನಲ್ಲಿ ಯಾರಿಗೂ ತಗ್ಗಿ ಮಾತಾಡಿದವಳಲ್ಲ, ನನ್ನನ್ನು ಮಾತ್ರ ಅಣ್ಣ ಅನ್ನುತ್ತಿದ್ದಳು.

"ಆಚಾರಣ್ಣ, ನೀನು ಇಂಥವೆಲ್ಲ ಬಲ್ಲೋನು. ಅರಿಶಿನದಿಂದ ಕೈ ಹುಣ್ಣಾಯ್ತದಾ, ಹೇಳು" ಎಂದು ಎರಡೂ ಕೈ ಚಾಚಿದಳು. ಮೊಣಕೈ ತನಕ ಹಳದಿ. ಒಂದು ತರಚು ಗಾಯವೂ ಇರಲಿಲ್ಲ. "ನಲವತ್ತು ವರ್ಷದಿಂದ ಅದ್ದುತಾ ಇವ್ನಿ ಇದೇ ಕೈಯ. ನೀನೊಂದು ಮಾತು ಮೇಡಮ್ಮೋರಿಗೆ ಹೇಳಿದ್ರೆ ಕೇಳ್ತಾರೆ."

"ನೋಡಾಣ" ಅಂದೆ. ಅದಕ್ಕಿಂತ ಹೇಸಿಗೆಯ ಮಾತನ್ನು ನಾನು ಜನ್ಮದಲ್ಲಿ ಆಡಿಲ್ಲ. ಅವಳು ಸಮಾಧಾನದಿಂದ ಹೋದಳು, ಅದು ಇನ್ನೂ ಕಷ್ಟವಾಯಿತು.

ಮಧ್ಯಾಹ್ನ ಮನೆಗೆ ಹೋದರೆ ಕಾಳಮ್ಮ ಅನ್ನ ಕಲಸಲಾರದೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ಬೆರಳಿನ ಬಟ್ಟೆಗೆ ಸಾರು ತಾಗಿದರೆ ಉರಿಯುತ್ತದೆ. ನಾನು ಕಲಸಿ ತುತ್ತು ಕೊಟ್ಟೆ. ಮೂರನೇ ತುತ್ತು ಅವಳ ಬಾಯಿಗಿಟ್ಟೆ. "ಕಾಳೂ, ಆ ಮಾತು ಬಂದಿತ್ತು ಕಣೇ. ಅವರೆಕಾಳಿನದ್ದು. ನಮ್ಮ ಬಾವೀಲೇ. ನಾನು ಇಲ್ಲ ಅಂದ್ಬುಟ್ಟೆ" ಎಂದೆ.

ಅವಳು ಬಾಯಲ್ಲಿದ್ದದ್ದನ್ನು ನುಂಗಿದಳು. "ಗೊತ್ತು" ಅಂದಳು. "ನಾನು ಬಚ್ಚಲಲ್ಲಿದ್ದೆ. ಮಾತೂ ಕೇಳ್ತು, ನೀವು ಬಕೆಟ್ಟು ಚೆಲ್ಲಿದ್ದೂ ಕೇಳ್ತು."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀವೇ ಹೇಳ್ತೀರ ಅಂತ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಆಮೇಲೆ ಶೆಡ್ಡು ಚೆನ್ನಾಗಿ ನಡೀತು, ಮನೆ ಕಟ್ಟಿದ್ವಿ. ಕಾಯೋದೇ ಮರ್ತೋಯ್ತು." ಬಟ್ಟೆ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ಉಂಡಿದ್ದೀನಲ್ಲ, ನಾನೂ."

ನಮ್ಮ ಮನೆಯಲ್ಲಿ ಆ ದಿನ ಯಾವ ಕೊಡವೂ ಮಾತಾಡಲಿಲ್ಲ. ಇಷ್ಟು ವರ್ಷ ಒಂದೇ ಸುಳ್ಳನ್ನು ಇಬ್ಬರೂ ಬೇರೆಬೇರೆ ಮುಚ್ಚಿಟ್ಟುಕೊಂಡು ಒಂದೇ ಚಾಪೆಯ ಮೇಲೆ ಮಲಗಿದ್ದೆವು. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಆ ಸಿಟ್ಟಿಗೇ ನಾಚಿಕೆಯಾಯಿತು.

ಸೋಮವಾರ ಈರಮ್ಮನ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಹಾರೆ, ಗುದ್ದಲಿ ಹಿಡಿದವರು ಸುಣ್ಣದ ಗೆರೆಯ ಉದ್ದಕ್ಕೂ ನಿಂತಿದ್ದರು. ಈರಮ್ಮ ಮೊದಲ ಬಾನಿಯ ಮುಂದೆ ಕೈಕಟ್ಟಿಕೊಂಡು ನಿಂತಿದ್ದಳು. ನಾನು ಗೆರೆ ದಾಟಿ ಹೋಗಿ ಅವಳ ಪಕ್ಕ ನಿಂತೆ. "ಇಲ್ಲಿ ತೋಡಬೇಡಿ. ಮೂಗಬಾವಿಯ ಮಾತು ನನ್ನ ಬಾವಿಗೆ ಬಂದಿತ್ತು. ಹತ್ತೊಂಬತ್ತು ವರ್ಷದ ಹಿಂದೆ. ನಾನು ಸುಳ್ಳು ಹೇಳಿದೆ" ಅಂದೆ.

ಯಾರಾದರೂ ಕಲ್ಲು ತೂರಿದ್ದರೆ ಚೆನ್ನಾಗಿರುತ್ತಿತ್ತು. ತೂರಲಿಲ್ಲ. ಮೂಲೆಮನೆಯ ಮುದುಕಿ ಸೆರಗಿನ ತುದಿ ತಿರುವುತ್ತ, "ನಮ್ಮನೇಗೂ ಬಂದಿತ್ತು" ಅಂದಳು. "ನನ್ ಮಗನ್ಗೆ ಶೆಡ್ಡಲ್ಲಿ ಕೆಲಸ ಸಿಗೋ ಹಂಗಿತ್ತು." ಅವಳ ಹಿಂದಿನಿಂದ ಇನ್ನೊಬ್ಬಳು, "ನಮಗೂ" ಅಂದಳು. ಆಮೇಲೆ ಗಿರಣಿಯವರ ಮನೆಯಾಕೆ. ಆಮೇಲೆ ಯಜಮಾನರ ಸೊಸೆ. ಮುರಿದ ಕೊಡೆ ಊರಿನ ಎಷ್ಟೋ ಅಡುಗೆಮನೆಗಳಿಗೆ ಬಂದಿತ್ತು. ಎಲ್ಲರೂ ನನ್ನ ಹಾಗೆಯೇ ನೀರು ಚೆಲ್ಲಿ, ಒಲೆ ಮುಂದೆ ಕೂತಿದ್ದರು. ಸುಹಾಸಿನಿ ಮೇಡಂ ಬಾನಿಯ ಅಂಚಿನ ಮೇಲೆ ಕುಸಿದು ಕೂತು ನಕ್ಷೆ ಬಿಚ್ಚಿ, ತುಂಬ ಹೊತ್ತು ನೋಡಿದರು. "ಮಾತು ನೀರಿನ ಜೊತೆ ಸಲೀಸಾಗಿ ಬರುತ್ತೆ. ವಿಷ ದಾರಿಯುದ್ದಕ್ಕೂ ಜೇಡಿಮಣ್ಣಿಗೆ ಅಂಟಿಕೊಂಡು, ಬಿಟ್ಟು, ಅಂಟಿಕೊಂಡು ಬರುತ್ತೆ. ಅದಕ್ಕೇ ಇಷ್ಟು ತಡ" ಅಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ.

ಈರಮ್ಮ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಕೊನೆಗೆ ನನ್ನದು. "ಅಂದ್ರೆ ಎಲ್ಲಾರ್ಗೂ ಗೊತ್ತಿತ್ತು" ಅಂದಳು. "ಗೊತ್ತಿದ್ದೂ ಹಾರೆ ಹಿಡ್ಕಂಡ್ ಬಂದ್ರಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನದಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು.

ನನ್ನ ಶೆಡ್ಡನ್ನು ನಾನೇ ಮೊದಲ ಹಾರೆ ಹಾಕಿ ಕೆಡವಿದೆ. ಮೂಗಬಾವಿಯ ತಳದ ಕೆಸರನ್ನು ಪೀಪಾಯಿಗಳಿಗೆ ತುಂಬಿ ಸಾಗಿಸಿದರು. ಶೆಡ್ಡಿದ್ದ ಜಾಗದ ಕೆಳಗಂಚಿಗೆ, ಬಂಡೆಯ ತನಕ ಕಂದಕ ಇಳಿಯಿತು. ನಮ್ಮ ಹದಿನಾಲ್ಕು ಜನರೇ ತೋಡಿದರು. ಮರಳು ಬೆರೆಸಿದ ಕಬ್ಬಿಣದ ಪುಡಿ ಗಾಡಿಗಟ್ಟಲೆ ಬಂತು. ಕೆಳಗಿನ ಕೇರಿಯಲ್ಲಿ ಅಲ್ಲಲ್ಲಿ ಕೊಳವೆ ಇಳಿಸಿ, ಪ್ರತಿ ಶುಕ್ರವಾರ ಬೆಲ್ಲದ ಗಾಣದಿಂದ ತಂದ ಕಾಕಂಬಿಯನ್ನು ನೀರಿಗೆ ಕಲಸಿ ಹೊಯ್ಯುತ್ತಿದ್ದೆವು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ, ಸಿಹಿ ಸಿಕ್ಕರೆ ಅವು ಹೆಚ್ಚಿ ನೀರಿನೊಳಗಿನ ಉಸಿರನ್ನೆಲ್ಲ ಎಳೆದುಕೊಳ್ಳುತ್ತವೆ, ಆಗ ಹಳದಿ ವಿಷ ತನ್ನ ಸ್ವಭಾವ ಬದಲಿಸಿ ಹಸಿರು ಪುಡಿಯಾಗಿ ಮಣ್ಣಿನಲ್ಲೇ ಕೂತುಬಿಡುತ್ತದೆ ಎಂದು ಮೇಡಂ ಹೇಳಿದ್ದರು. ಊರಿನ ಹೆಂಗಸರಿಗೆ ಇದು ಎಲ್ಲಕ್ಕಿಂತ ಬೇಗ ಅರ್ಥವಾಯಿತು. ಕಾಕಂಬಿ ಹೊಯ್ಯುವಾಗ, "ತಿನ್ರಪ್ಪ, ಹೊಟ್ಟೆ ತುಂಬ ತಿನ್ರಿ" ಎಂದು ಕೊಳವೆಗೆ ಬಗ್ಗಿ ಹೇಳುತ್ತಿದ್ದರು.

ಆ ಜೀವಗಳು ವಿಷದ ಜೊತೆ ಮಾತುಗಳನ್ನೂ ತಿಂದವು. ಮೊದಲ ವರ್ಷ ಅಕ್ಷರ ಉದುರಿದ ಮಾತುಗಳು ಬೆಲ್ಲದ ವಾಸನೆ ಹೊತ್ತು ಬರುತ್ತಿದ್ದವು. ಎರಡನೇ ವರ್ಷ ಬರೀ ನಿಟ್ಟುಸಿರು. ಆಮೇಲೆ ಅದೂ ಇಲ್ಲ. ಎಲ್ಲ ಬಾವಿಗಳಿಗೂ ಮುಚ್ಚಳ ಹಾಕಿದ್ದರು. ಮೇಲಿನ ಕೇರಿಯಲ್ಲಿ ಸೇದಿದರೆ ಹಳದಿ ಮೇಲಕ್ಕೂ ತಿರುಗಬಹುದು ಅಂತ ಅವರ ಬಾವಿಗಳನ್ನೂ ಬಿಡಲಿಲ್ಲ. ಇಡೀ ಊರು ಟ್ಯಾಂಕರಿನ ನೀರಿಗೆ ಸಾಲು ನಿಂತಿತು. ತುಕ್ಕಿನ ರುಚಿಯ, ಯಾರ ದನಿಯೂ ಇಲ್ಲದ ನೀರು. ಮಧ್ಯಾಹ್ನ ಹೆಂಗಸರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಜಗಲಿಗೆ ಬಂದು ಕೂತು, ಏನು ಮಾತಾಡಬೇಕೆಂದು ತಿಳಿಯದೆ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಶೀಸೆ ನೋಡುವ ಕೆಲಸವನ್ನು ಮೇಡಂ ನನಗೇ ವಹಿಸಿದರು. "ನನ್ ಮಾತ ಯಾರು ನಂಬ್ತಾರೆ ತಾಯಿ" ಅಂದೆ. "ನಂಬೋದು ಬೇಡ, ಬಣ್ಣ ಕಾಣಿಸುತ್ತಲ್ಲ" ಅಂದರು. ಪ್ರತಿ ಶುಕ್ರವಾರ ನೀರು ಹಿಡಿದು, ತೊಟ್ಟು ಬಿಟ್ಟು, ಬಿಳಿ ವಸ್ತ್ರಕ್ಕೆ ಹಿಡಿದು ನೋಡುವುದು. ನೇರಳೆ ಗುಲಾಬಿಯಾಗಲು ಮೂರು ವರ್ಷ ಹಿಡಿಯಿತು. ಕಾಳಮ್ಮನ ಬೆರಳು ಅಷ್ಟರಲ್ಲಿ ಮಾಯ್ದಿತ್ತು, ಗುಳಿಗಳು ಉಳಿದವು. ಸತತವಾಗಿ ಮೂರು ಶುಕ್ರವಾರ ಬಣ್ಣವೇ ಇಲ್ಲದಿದ್ದರೆ ಕುಡಿಯಬಹುದು ಎಂದು ಹೇಳಿ ಮೇಡಂ ಬೇರೆ ಊರಿಗೆ ಹೋದರು.

ಏಳನೇ ವರ್ಷ ಎರಡು ಶುಕ್ರವಾರ ಬಣ್ಣ ಬರಲಿಲ್ಲ. ಮೂರನೆಯ ಶುಕ್ರವಾರ ಯಾರೂ ಹೇಳದೆಯೇ ಊರೆಲ್ಲ ಕೆಳಗಿನ ಕೇರಿಯ ದೊಡ್ಡ ಬಾವಿಯ ಹತ್ತಿರ ನೆರೆಯಿತು. ತಿಕ್ಕಿ ತೊಳೆದ ಕೊಡಗಳು. ಕಟ್ಟೆಗೆ ರಂಗೋಲಿ. ಪಂಚಾಯಿತಿ ಅಧ್ಯಕ್ಷರು ಬಾವಿಗೆ ಹಾಕಲು ಹಾರ ಹಿಡಿದು ನಿಂತಿದ್ದರು. ಸಾಲಿನ ಮೊದಲಿಗೆ ಈರಮ್ಮ. ಏಳು ವರ್ಷ ಹೊರಗಿನ ನೀರಲ್ಲಿ ಅದ್ದಿ ಅದ್ದಿ ಅವಳ ಬಣ್ಣ ಮಂಕಾಗಿ, ನೂಲು ಕೊಳ್ಳುವವರು ಕಡಿಮೆಯಾಗಿದ್ದರು. ಅವಳಿಗೆ ಈ ನೀರು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು. ಕೊಡವನ್ನು ಕಟ್ಟೆಯ ಮೇಲಿಟ್ಟು ನನ್ನನ್ನೇ ನೋಡುತ್ತ ನಿಂತಳು.

ನಾನು ತೊಟ್ಟು ಬಿಟ್ಟೆ. ಕಾದೆ. ಶೀಸೆ ಬೆಳ್ಳಗಿತ್ತು. ಹಾರ ಹಿಡಿದಿದ್ದ ಅಧ್ಯಕ್ಷರು, "ಆಚಾರ್ರೇ, ಬೆಳ್ಳಗೈತಲ್ಲ, ಹೇಳ್ಬುಡಿ ಮತ್ತೆ" ಅಂದರು. ಜನ ಸರಿದಾಡಿದರು. ವಸ್ತ್ರಕ್ಕೆ ಹಿಡಿದು ಒಂದಿಷ್ಟು ವಾಲಿಸಿದೆ. ಬಿಳಿ ಪಂಚೆಯನ್ನು ಕೆಂಪು ಸೀರೆಯ ಜೊತೆ ನೆನೆಹಾಕಿದಾಗ ಹತ್ತುವಷ್ಟು, ಅಷ್ಟೂ ಅಲ್ಲ, ಅದರ ನೆರಳಿನಷ್ಟು ಕೆಂಪು ಶೀಸೆಯ ತಳದಲ್ಲಿತ್ತು. ಅಲ್ಲಿದ್ದ ಯಾರ ಕಣ್ಣಿಗೂ ಅದು ಬೀಳುತ್ತಿರಲಿಲ್ಲ. ಜೀವಮಾನವೆಲ್ಲ ಲೋಹದ ಮೇಲಿನ ಕಲೆ ಹುಡುಕಿದ ಕಣ್ಣಿಗೆ ಮಾತ್ರ ಬಿತ್ತು. ಕುಡಿಯಿರಿ ಅಂದುಬಿಡಲು ನನಗೆ ಎಷ್ಟು ಆಸೆಯಾಯಿತೆಂದರೆ ನಾಲಿಗೆ ತುದಿಗೆ ಬಂದು ನಿಂತಿತ್ತು.

"ಬೇಡ" ಅಂದೆ. "ಇನ್ನೂ ಇದೆ. ಮೊದಲಿಂದ ಮೂರು ವಾರ ನೋಡಬೇಕು."

ಗದ್ದಲವೆದ್ದಿತು. "ಅವತ್ತು ಇದ್ದಿದ್ದ ಇಲ್ಲ ಅಂದ, ಇವತ್ತು ಇಲ್ದಿದ್ದ ಇದೆ ಅಂತಾನೆ" ಎಂದು ಯಾರೋ ಹಿಂದಿನಿಂದ ಕೂಗಿದರು. ನ್ಯಾಯವಾದ ಮಾತೇ. ಬಣ್ಣದ ವಿಷಯದಲ್ಲಿ ನನಗಿಂತ ಸೂಕ್ಷ್ಮವಾದ ಕಣ್ಣು ಈ ಊರಿನಲ್ಲಿ ಇದ್ದರೆ ಅದು ಈರಮ್ಮನದು. ಅವಳು ಒಮ್ಮೆ ನೋಡಿ ಹೇಳಿದರೆ ಎಲ್ಲರೂ ಒಪ್ಪುತ್ತಾರೆ ಎಂದು ಶೀಸೆಯನ್ನು ಅವಳ ಕಡೆ ಚಾಚಿದೆ. ಅವಳು ಅದನ್ನು ನೋಡಲೂ ಇಲ್ಲ, ಮುಟ್ಟಲೂ ಇಲ್ಲ. ಕಟ್ಟೆಯ ಮೇಲಿದ್ದ ಖಾಲಿ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ನೀನು ಇದೆ ಅಂದ್ಯಲ್ಲ, ಸಾಕು ಬುಡು" ಅಂದಳು. "ಮುಂದಿನ್ ಶುಕ್ರವಾರ ಬತ್ತೀನಿ, ಅಣ್ಣ."

ಅವಳು ತಿರುಗಿ ಮೇಲಿನ ಕೇರಿಯ ದಾರಿ ಹಿಡಿದಳು. ಸ್ವಲ್ಪ ಹೊತ್ತಿಗೆ ಉಳಿದವರೂ ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಟ್ಯಾಂಕರು ನಿಲ್ಲುವ ಕಡೆ ಹೊರಟರು. ನನಗೆ ಕಣ್ಣು ತುಂಬಿ ಶೀಸೆಯೂ ಕಾಣಲಿಲ್ಲ, ವಸ್ತ್ರವೂ ಕಾಣಲಿಲ್ಲ. ಕಾಳಮ್ಮ ಹತ್ತಿರ ಬಂದು ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡಳು.